ಹೊಲದ ಕಟ್ಟಿಗೆ ಬೂದಿಯಾಗದೆ ಇದ್ದಿಲಾಗಲಿ

ಸಂಕ್ರಾಂತಿ ಕಳೆದು ಶಿವರಾತ್ರಿ ಹತ್ತಿರವಾಗುವ ಹೊತ್ತಿಗೆ ಬಯಲುಸೀಮೆಯ ಹೊಲಗಳ ಬದುಗಳಲ್ಲಿ ಹೊಗೆ ಏಳುವುದು ವಾಡಿಕೆಯ ನೋಟ. ತೊಗರಿ ಬಡಿದಾದ ಮೇಲೆ ಉಳಿದ ಕಟ್ಟಿಗೆ, ಕೊನೆಯ ಬಿಡಿಸುವಿಕೆ ಮುಗಿದ ಹತ್ತಿ ಗಿಡ, ಕಾಳು ಬಿಡಿಸಿದ ಮುಸುಕಿನ ಜೋಳದ ದಿಂಡು, ಇವೆಲ್ಲ ಹೊಲದ ಮೂಲೆಯಲ್ಲಿ ಗುಡ್ಡೆ ಬೀಳುತ್ತವೆ. ಹಿಂದೆ ಒಲೆಗೆ ಹೋಗುತ್ತಿದ್ದ ಈ ಕಟ್ಟಿಗೆಗೆ ಅಡುಗೆ ಅನಿಲ ಬಂದ ಮೇಲೆ ಮೊದಲಿನಷ್ಟು ಬೇಡಿಕೆಯಿಲ್ಲ. ಕಡಿದು ಸಾಗಿಸೋಣವೆಂದರೆ ಕೂಲಿ ದುಬಾರಿ. ಮುಂದಿನ ಉಳುಮೆಗೆ ಹೊಲವಂತೂ ತೆರವಾಗಬೇಕು. ಹಾಗಾಗಿ ಕಡ್ಡಿ ಗೀರಿ ಬೆಂಕಿ ಹಚ್ಚುವುದೇ ಸುಲಭವೆನಿಸುತ್ತದೆ.

ಅರ್ಧ ಗಂಟೆಯಲ್ಲಿ ಗುಡ್ಡೆ ಬೂದಿಯಾಗುತ್ತದೆ. ಆ ಬೂದಿಯಲ್ಲಿ ಪೊಟ್ಯಾಷ್, ಸುಣ್ಣ ಮತ್ತು ಸ್ವಲ್ಪ ರಂಜಕ ಉಳಿದಿರುವುದು ನಿಜ. ಆದರೆ ಬೆಳೆಯು ತಿಂಗಳುಗಟ್ಟಲೆ ಮಣ್ಣಿನಿಂದ ಹೀರಿಕೊಂಡು ಕಾಂಡದಲ್ಲಿ ಉಳಿಸಿದ್ದ ಸಾರಜನಕ ಬಹುಪಾಲು ಹೊಗೆಯೊಂದಿಗೆ ಹೊರಟುಹೋಗುತ್ತದೆ. ಗಂಧಕವೂ ಒಂದಷ್ಟು ಹೋಗುತ್ತದೆ. ಇಂಗಾಲವಂತೂ ನೂರಕ್ಕೆ ಮೂರು ಪಾಲು ಉಳಿದರೆ ಹೆಚ್ಚು. ಉಳಿದ ಬೂದಿಯಾದರೂ ಹೊಲಕ್ಕೆಲ್ಲ ಹರಡುವುದಿಲ್ಲ. ಗುಡ್ಡೆಯಿದ್ದ ಜಾಗದಲ್ಲೇ ಬಿದ್ದಿದ್ದು, ಅರ್ಧ ಗಾಳಿಗೆ ಹಾರಿ, ಇನ್ನರ್ಧ ಮೊದಲ ಮಳೆಗೆ ಕೊಚ್ಚಿಹೋಗುತ್ತದೆ.

ಅದೇ ಕಟ್ಟಿಗೆಯನ್ನು ಗಾಳಿ ಸಾಕಷ್ಟು ಸಿಗದಂತೆ ಮಾಡಿ ಸುಟ್ಟರೆ ಬೂದಿಯ ಬದಲು ಇದ್ದಿಲು ದೊರೆಯುತ್ತದೆ. ಕಟ್ಟಿಗೆಯಲ್ಲಿದ್ದ ಇಂಗಾಲದ ಮೂರನೇ ಒಂದು ಭಾಗದಿಂದ ಅರ್ಧದವರೆಗೆ ಈ ಇದ್ದಿಲಿನಲ್ಲಿ ಉಳಿದುಕೊಳ್ಳುತ್ತದೆ. ಮಣ್ಣಿಗೆ ಸೇರಿಸುವ ಉದ್ದೇಶದಿಂದಲೇ ತಯಾರಿಸಿದ ಇಂಥ ಇದ್ದಿಲಿಗೆ ವಿಜ್ಞಾನಿಗಳು ಬಯೋಚಾರ್ ಎಂದು ಹೆಸರಿಟ್ಟಿದ್ದಾರೆ. ಕಾಂಪೋಸ್ಟಾಗಲಿ ಕೊಟ್ಟಿಗೆ ಗೊಬ್ಬರವಾಗಲಿ ನಮ್ಮ ಬಿಸಿಲಿಗೆ ಒಂದೆರಡು ವರ್ಷಗಳಲ್ಲಿ ಬಹುಪಾಲು ಕರಗಿಹೋಗುತ್ತದೆ. ಇದ್ದಿಲನ್ನು ಸೂಕ್ಷ್ಮಜೀವಿಗಳು ಸುಲಭವಾಗಿ ತಿನ್ನಲಾರವು. ಅದು ನೂರಾರು ವರ್ಷ ಮಣ್ಣಿನಲ್ಲಿ ಉಳಿಯಬಲ್ಲದು. ಅದರ ಪ್ರಯೋಜನಕ್ಕೂ ಅದರ ಬಗ್ಗೆ ವಹಿಸಬೇಕಾದ ಎಚ್ಚರಿಕೆಗೂ ಈ ಗುಣವೇ ಮೂಲ. ಒಮ್ಮೆ ಹೊಲಕ್ಕೆ ಸೇರಿಸಿದ ಇದ್ದಿಲನ್ನು ಹಿಂದಕ್ಕೆ ಹೆಕ್ಕಿ ತೆಗೆಯುವಂತಿಲ್ಲ. ಆದ್ದರಿಂದ ಯಾವ ಮಣ್ಣಿಗೆ, ಎಷ್ಟು, ಹೇಗೆ ಎಂಬುದನ್ನು ಮೊದಲೇ ತಿಳಿದುಕೊಳ್ಳಬೇಕು.

ಇದ್ದಿಲು ಗೊಬ್ಬರವಲ್ಲ

ಬಯೋಚಾರ್ ಒಂದು ಹೊಸ ಗೊಬ್ಬರವೆಂದು ತಿಳಿದು ಯೂರಿಯಾದಂತೆ ಎರಚಿ, ಬೆಳೆ ಹಳದಿಯಾದಾಗ ಬೇಸರಪಟ್ಟುಕೊಳ್ಳುವುದುಂಟು. ಈ ತಪ್ಪು ತಿಳಿವಳಿಕೆಯನ್ನು ಮೊದಲು ಬಿಡಬೇಕು. ಕಟ್ಟಿಗೆ ಇದ್ದಿಲಾಗುವಾಗ ಅದರಲ್ಲಿದ್ದ ಸಾರಜನಕದ ಅರ್ಧಕ್ಕೂ ಹೆಚ್ಚು ಭಾಗ ಹಾರಿಹೋಗುತ್ತದೆ. ಉಳಿದದ್ದು ಬೇರಿಗೆ ಸುಲಭವಾಗಿ ಸಿಗುವ ರೂಪದಲ್ಲಿ ಇರುವುದಿಲ್ಲ. ಪೊಟ್ಯಾಷ್ ಮತ್ತು ರಂಜಕ ಬಹುಮಟ್ಟಿಗೆ ಉಳಿಯುತ್ತವೆ. ಆದರೂ ಅವುಗಳಿಗಾಗಿಯೇ ಇದ್ದಿಲು ಮಾಡುವುದು ಲಾಭದ ಬಾಬತ್ತಲ್ಲ.

ಇದ್ದಿಲಿನ ಬೆಲೆ ಇರುವುದು ಅದರ ರಚನೆಯಲ್ಲಿ. ಕಟ್ಟಿಗೆಯೊಳಗಿನ ನೀರಿನ ನಾಳಗಳೆಲ್ಲ ಹಾಗೆಯೇ ಉಳಿದು, ಒಂದು ತುಂಡು ಇದ್ದಿಲು ಸಾವಿರಾರು ಸೂಕ್ಷ್ಮ ರಂಧ್ರಗಳ ಗೂಡಾಗಿರುತ್ತದೆ. ಈ ರಂಧ್ರಗಳು ನೀರನ್ನು ಹಿಡಿಯುತ್ತವೆ, ಸೂಕ್ಷ್ಮಜೀವಿಗಳಿಗೆ ಆಸರೆ ಕೊಡುತ್ತವೆ. ಕಾಲಕ್ರಮದಲ್ಲಿ ಇದ್ದಿಲಿನ ಮೈ ಗಾಳಿ ನೀರಿಗೆ ಮಾಗಿದಂತೆ ಅಮೋನಿಯಾ, ಪೊಟ್ಯಾಷ್, ಸುಣ್ಣ ಮುಂತಾದವುಗಳನ್ನು ಹಿಡಿದಿಟ್ಟುಕೊಂಡು ಬೇರಿಗೆ ಬಿಟ್ಟುಕೊಡುವ ಶಕ್ತಿಯೂ ಹೆಚ್ಚುತ್ತದೆ. ಒಂದು ರೀತಿಯಲ್ಲಿ ಇದ್ದಿಲೆಂದರೆ ಕಣಜವಿದ್ದಂತೆ. ಕಣಜ ಕಟ್ಟಿದ ಮಾತ್ರಕ್ಕೆ ಊಟ ಸಿಗುವುದಿಲ್ಲ. ಅದಕ್ಕೆ ಕಾಳು ತುಂಬಬೇಕು.

ಖಾಲಿ ಕಣಜವನ್ನು ಹೊಲಕ್ಕಿಟ್ಟರೆ ಏನಾಗುತ್ತದೆ? ಒಲೆಯಿಂದ ತೆಗೆದ ಹಸಿ ಇದ್ದಿಲನ್ನು ನೇರವಾಗಿ ಮಣ್ಣಿಗೆ ಬೆರೆಸಿದಾಗ ಅದು ಮಣ್ಣಿನಲ್ಲಿರುವ ಸಾರಜನಕವನ್ನೇ ತನ್ನೆಡೆಗೆ ಎಳೆದುಕೊಳ್ಳುತ್ತದೆ. ಸರಿಯಾಗಿ ಬೇಯದ, ಇನ್ನೂ ಎಣ್ಣೆಯಂಥ ಅಂಶ ಉಳಿದಿರುವ ಇದ್ದಿಲಾದರೆ ಅದನ್ನು ತಿನ್ನಲು ಬರುವ ಸೂಕ್ಷ್ಮಜೀವಿಗಳು ಮತ್ತಷ್ಟು ಸಾರಜನಕವನ್ನು ಕಬಳಿಸುತ್ತವೆ. ಪರಿಣಾಮವಾಗಿ ಎಳೆಯ ಪೈರು ಮೊದಲ ಕೆಲವು ವಾರ ಹಳದಿ ತಿರುಗಿ ಕುಗ್ಗಬಹುದು. ಬಯೋಚಾರ್ ಹಾಕಿ ಬೆಳೆ ಕೆಟ್ಟಿತೆಂಬ ದೂರುಗಳಿಗೆ ಇದು ಒಂದು ಮುಖ್ಯ ಕಾರಣ. ಸಗಣಿ ಗಂಜಲಗಳಲ್ಲಿ ನೆನೆಸಿ ಹದಗೊಳಿಸಿದ ಇದ್ದಿಲನ್ನೇ ಹಾಕಬೇಕೆಂದು ಹೇಳುವುದು ಇದಕ್ಕಾಗಿ.

ಹಳೆಯ ಅನುಭವ ಹೇಳುವುದೂ ಇದನ್ನೇ

ದಕ್ಷಿಣ ಅಮೆರಿಕದ ಅಮೆಜಾನ್ ನದಿಯ ಬಯಲಿನಲ್ಲಿ ಮಳೆ ವಿಪರೀತ. ಮಣ್ಣು ಹಳದಿ ಇಲ್ಲವೆ ಕೆಂಪು, ಹುಳಿ, ಸತ್ವಹೀನ. ಆ ನಡುವೆ ಅಲ್ಲಲ್ಲಿ ಕಪ್ಪು ಮಣ್ಣಿನ ತುಂಡುಗಳು ಕಂಡುಬರುತ್ತವೆ. ಬ್ರೆಜಿಲಿನ ಜನ ಅದನ್ನು ಟೆರ್ರಾ ಪ್ರೆಟಾ, ಅಂದರೆ ಕಪ್ಪು ಮಣ್ಣು ಎನ್ನುತ್ತಾರೆ. ಇದು ನಮ್ಮ ಎರೆ ಭೂಮಿಯಂತೆ ಬಂಡೆಯಿಂದ ಹುಟ್ಟಿದ ಕಪ್ಪಲ್ಲ, ಮನುಷ್ಯರ ಕೈಯಿಂದ ಆದದ್ದು. ಡಚ್ ಮಣ್ಣು ವಿಜ್ಞಾನಿ ವಿಮ್ ಸೋಂಬ್ರೂಕ್ ಅವರು 1966ರಲ್ಲಿ ಪ್ರಕಟಿಸಿದ ಅಮೆಜಾನ್ ಮಣ್ಣುಗಳ ಕುರಿತ ಗ್ರಂಥದಲ್ಲಿ ಇದನ್ನು ವಿವರಿಸಿದ ಮೇಲೆ ವಿಜ್ಞಾನಿಗಳ ಗಮನ ಅತ್ತ ಹರಿಯಿತು. ಯುರೋಪಿಯನ್ನರು ಕಾಲಿಡುವ ಮೊದಲೇ, ಸಾವಿರಾರು ವರ್ಷಗಳ ಅವಧಿಯಲ್ಲಿ, ಅಲ್ಲಿನ ಮೂಲ ನಿವಾಸಿಗಳು ತಮ್ಮ ಊರುಗಳ ಸುತ್ತ ಇದ್ದಿಲು, ಬೂದಿ, ಮೀನು ಮತ್ತು ಪ್ರಾಣಿಗಳ ಮೂಳೆ, ಮಲಮೂತ್ರ, ಅಡುಗೆ ಕಸ, ಮಡಕೆ ಚೂರುಗಳನ್ನು ಸುರಿಯುತ್ತ ಬಂದದ್ದರ ಫಲವದು. ಕೆಲವೆಡೆ ಈ ಪದರ ಎರಡು ಮೀಟರ್ ಆಳದವರೆಗೂ ಇದೆ. ಇಂದಿಗೂ ಅಲ್ಲಿನ ರೈತರು ಈ ತುಂಡು ನೆಲಗಳನ್ನು ಹುಡುಕಿ ಬೆಳೆ ಇಡುತ್ತಾರೆ.

ಇದನ್ನು ಓದಿದ ಹಲವರು ಇದ್ದಿಲೊಂದನ್ನೇ ಹಿಡಿದುಕೊಂಡು, ಮೂಳೆ ಮತ್ತು ಮಲಮೂತ್ರಗಳನ್ನು ಮರೆತುಬಿಟ್ಟಿದ್ದಾರೆ. ಜಪಾನಿನ ರೈತರು ಮರೆಯಲಿಲ್ಲ. ಭತ್ತದ ಉಮಿಯನ್ನು ಕರಿಕಾಗಿ ಸುಟ್ಟು ಸಸಿಮಡಿಗೆ ಹಾಕುವುದು ಅಲ್ಲಿ ಹಳೆಯ ಪದ್ಧತಿ. ಮಿಯಾಝಾಕಿ ಯಾಸುಸಾದಾ ಎಂಬ ಕೃಷಿ ಪಂಡಿತ 1697ರ ತನ್ನ ಬೇಸಾಯ ಗ್ರಂಥದಲ್ಲಿ, ಕಸಕಡ್ಡಿಗಳನ್ನು ಹುರಿದಂತೆ ಸುಟ್ಟು, ಅದಕ್ಕೆ ಗಟ್ಟಿ ಮಲಗೊಬ್ಬರ ಬೆರೆಸಿ, ಕೆಲಕಾಲ ಇಟ್ಟು ಬಳಸುವ ಕ್ರಮವನ್ನು ಬರೆದಿಟ್ಟಿದ್ದಾನೆ. ಇಂದು ವಿಜ್ಞಾನಿಗಳು ಹೇಳುತ್ತಿರುವ ಹದಗೊಳಿಸುವಿಕೆಗೂ ಇದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ.

ಕರಾವಳಿಯ ರೈತರಿಗೆ ಇಲ್ಲಿ ಸುಡುಮಣ್ಣು ನೆನಪಾಗುವುದು ಸಹಜ. ದಕ್ಷಿಣ ಕನ್ನಡ, ಉಡುಪಿ ಭಾಗದಲ್ಲಿ ತರಗೆಲೆ, ಕಸಕಡ್ಡಿಗಳನ್ನು ಮಣ್ಣಿನೊಂದಿಗೆ ಒಟ್ಟಿ, ಉರಿ ಏಳದಂತೆ ದಿನಗಟ್ಟಲೆ ಸುಟ್ಟು, ಆ ಮಣ್ಣನ್ನು ಮಲ್ಲಿಗೆ ಗಿಡಕ್ಕೂ ತರಕಾರಿ ಸಾಲಿಗೂ ಹಾಕುವುದುಂಟು. ಸುಡುಮಣ್ಣಿನಲ್ಲಿ ಇದ್ದಿಲು ಇರುತ್ತದೆ. ಆದರೆ ಅದರ ಹೆಚ್ಚಿನ ಭಾಗ ಕಾದ ಮಣ್ಣು ಮತ್ತು ಬೂದಿ. ಎರಡೂ ಒಂದೇ ಎನ್ನಲಾಗದಿದ್ದರೂ ಹತ್ತಿರದ ಸಂಬಂಧಿಗಳು. ಕರಾವಳಿಯ ಹುಳಿ ಮಣ್ಣಿನಲ್ಲಿ ಈ ಪದ್ಧತಿ ಬೇರೂರಿದ್ದಕ್ಕೆ ಕಾರಣವೂ ಇದೆ.

ಯಾವ ಮಣ್ಣಿಗೆ ಸೂಕ್ತ

ಇದ್ದಿಲು ಸಾಮಾನ್ಯವಾಗಿ ಕ್ಷಾರ ಗುಣದ್ದು. ಕಟ್ಟಿಗೆಯ ಇದ್ದಿಲಿನ ರಸಸಾರ ಬಹುತೇಕ 8 ರಿಂದ 10ರ ನಡುವೆ ಇರುತ್ತದೆ. ಆದ್ದರಿಂದ ಮಲೆನಾಡು ಮತ್ತು ಕರಾವಳಿಯ ಜಂಬಿಟ್ಟಿಗೆ ಮಣ್ಣು, ದಕ್ಷಿಣ ಬಯಲುಸೀಮೆಯ ಹುಳಿಯಾದ ಕೆಂಪು ಮಣ್ಣು, ಮರಳು ಮಿಶ್ರಿತ ಹಗುರ ಭೂಮಿ ಇವುಗಳಿಗೆ ಅದು ಒಗ್ಗುತ್ತದೆ. ಮಳೆಗಾಲದಲ್ಲಿ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಕರಾವಳಿಯಲ್ಲಿ ಹಾಕಿದ ಪೊಟ್ಯಾಷ್ ಮತ್ತು ಸಾರಜನಕ ಬೇರಿನ ಕೆಳಕ್ಕೆ ಇಳಿದುಹೋಗುವುದೇ ದೊಡ್ಡ ನಷ್ಟ. ಅಲ್ಲಿನ ಜೇಡಿಗೆ ಪೋಷಕಾಂಶ ಹಿಡಿದಿಡುವ ಶಕ್ತಿ ಕಡಿಮೆ. ಇದ್ದಿಲು ಆ ಕೊರತೆಯನ್ನು ಸ್ವಲ್ಪಮಟ್ಟಿಗೆ ತುಂಬುತ್ತದೆ, ಹುಳಿಯನ್ನೂ ತಗ್ಗಿಸುತ್ತದೆ. ಹಾಗೆಂದು ಸುಣ್ಣ ಹಾಕಬೇಕಾದಲ್ಲಿ ಅದನ್ನು ನಿಲ್ಲಿಸಬಾರದು. ಅಷ್ಟು ಶಕ್ತಿ ಇದ್ದಿಲಿಗಿಲ್ಲ.

ಉತ್ತರ ಕರ್ನಾಟಕದ ಎರೆ ಭೂಮಿಯ ಮಾತು ಬೇರೆ. ಅಲ್ಲಿ ಬಹಳ ಕಡೆ ರಸಸಾರ ಈಗಾಗಲೇ 8ನ್ನು ದಾಟಿದೆ, ಮಣ್ಣಿನಲ್ಲಿ ಸುಣ್ಣದ ಹರಳಿದೆ, ಜೇಡಿಯೂ ನೀರು ಮತ್ತು ಪೋಷಕಾಂಶಗಳನ್ನು ಹಿಡಿಯುವುದರಲ್ಲಿ ಗಟ್ಟಿಗ. ಅಲ್ಲಿ ಇದ್ದಿಲಿನಿಂದ ಆಗುವ ಉಪಕಾರ ಕಡಿಮೆ. ರಸಸಾರ ಇನ್ನೂ ಏರಿದರೆ ಸತು ಮತ್ತು ಕಬ್ಬಿಣದ ಕೊರತೆ ಹೆಚ್ಚುವ ಸಂಭವವೂ ಇದೆ. ವಿಪರ್ಯಾಸವೆಂದರೆ ತೊಗರಿ, ಹತ್ತಿ ಕಟ್ಟಿಗೆ ಹೇರಳವಾಗಿ ಸಿಗುವುದು ಈ ಎರೆ ಪ್ರದೇಶದಲ್ಲೇ. ಅಲ್ಲಿನ ರೈತರು ಇದ್ದಿಲನ್ನು ಎರೆ ಹೊಲಕ್ಕೆ ಹರಡುವುದಕ್ಕಿಂತ ಕಾಂಪೋಸ್ಟ್ ಗುಂಡಿಗೆ ಅಲ್ಪ ಪ್ರಮಾಣದಲ್ಲಿ ಸೇರಿಸುವುದು, ಇಲ್ಲವೆ ಹತ್ತಿರದಲ್ಲೇ ಕೆಂಪು ಮಸಾರಿ ಹೊಲವಿದ್ದರೆ ಅಲ್ಲಿಗೆ ಬಳಸುವುದು ಒಳ್ಳೆಯದು. ಎಲ್ಲಕ್ಕೂ ಮೊದಲು ಮಣ್ಣು ಪರೀಕ್ಷೆ ಮಾಡಿಸಿ ರಸಸಾರ ಎಷ್ಟಿದೆಯೆಂದು ತಿಳಿದುಕೊಳ್ಳಬೇಕು. ಏಳೂವರೆಗಿಂತ ಹೆಚ್ಚಿದ್ದರೆ ಇದ್ದಿಲಿಗಾಗಿ ಶ್ರಮಪಡುವ ಅವಶ್ಯಕತೆ ಇಲ್ಲ.

ಪ್ರಪಂಚದ ನಾನಾ ಕಡೆ ನಡೆದ ಪ್ರಯೋಗಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆಯೂ ಇದಕ್ಕೆ ಹೊಂದುತ್ತದೆ. ಉಷ್ಣವಲಯದ ದೇಶಗಳಲ್ಲಿ ಬಯೋಚಾರ್ ಬಳಕೆಯಿಂದ ಇಳುವರಿ ಸರಾಸರಿ ಶೇಕಡ 25ರಷ್ಟು ಹೆಚ್ಚಿದರೆ, ಸಮಶೀತೋಷ್ಣ ದೇಶಗಳಲ್ಲಿ ಸರಾಸರಿ ಏನೂ ಹೆಚ್ಚಲಿಲ್ಲ. ಹುಳಿ ತಗ್ಗಿದ್ದು ಮತ್ತು ಪೋಷಕಾಂಶ ದೊರೆತದ್ದು, ಇವೇ ಕಾರಣವೆಂದು ಆ ವಿಶ್ಲೇಷಣೆ ಹೇಳುತ್ತದೆ. ಮಣ್ಣು ಬಡವಾಗಿದ್ದಲ್ಲಿ ಇದ್ದಿಲಿಗೆ ಕೆಲಸವಿದೆ. ಅನುಕೂಲವಾಗಿರುವ ಮಣ್ಣಿನಲ್ಲಿ ಅದು ಸುಮ್ಮನೆ ಕುಳಿತಿರುತ್ತದೆ.

ಈ 25ರ ಅಂಕಿಯನ್ನು ಹಿಡಿದು ಹಿಗ್ಗುವ ಮುನ್ನ ಇನ್ನೊಂದು ಅಂಕಿಯನ್ನೂ ನೋಡಬೇಕು. ಆ ಪ್ರಯೋಗಗಳಲ್ಲಿ ಬಳಸಿದ ಪ್ರಮಾಣ ನಡುಮಟ್ಟದಲ್ಲಿ ಹೆಕ್ಟೇರಿಗೆ 15 ಟನ್, ಎಂದರೆ ಎಕರೆಗೆ 6 ಟನ್. ರೈತನ ಕೈಯಲ್ಲಿ ಅಷ್ಟಿದೆಯೆ?

ಕಟ್ಟಿಗೆಯ ಲೆಕ್ಕ

ಒಂದು ಎಕರೆ ತೊಗರಿ ಅಥವಾ ಹತ್ತಿಯಿಂದ ಒಂದು ಟನ್ ಒಣ ಕಟ್ಟಿಗೆ ಸಿಕ್ಕಿತೆಂದು ಇಟ್ಟುಕೊಳ್ಳೋಣ. ಗುಂಡಿಯಲ್ಲಿ ಸುಟ್ಟಾಗ ತೂಕದ ಐದನೇ ಒಂದು ಭಾಗ ಇದ್ದಿಲು ಸಿಕ್ಕರೆ ಚೆನ್ನಾಗಿ ಸುಟ್ಟಂತೆಯೇ. ಅಂದರೆ 200 ಕಿಲೋಗ್ರಾಂ. ಎಕರೆಗೆ 6 ಟನ್ ಹಾಕಬೇಕೆಂದರೆ ಮೂವತ್ತು ಎಕರೆಯ ಕಟ್ಟಿಗೆ ಬೇಕು. ಸಣ್ಣ ರೈತನಿಗೆ ಇದು ಆಗದ ಮಾತು. ಚೀಲದಲ್ಲಿ ಮಾರುವ ಬಯೋಚಾರನ್ನು ಕೊಂಡು ಆರು ಟನ್ ಹಾಕಿದರೆ ಹೆಚ್ಚುವರಿ ಇಳುವರಿಯ ಹಣ ಆ ಖರ್ಚಿಗೇ ಸಾಲುವುದಿಲ್ಲ.

ಆದರೆ ಇದ್ದಿಲನ್ನು ಇಡೀ ಹೊಲಕ್ಕೆ ಎರಚಲೇಬೇಕೆಂಬ ನಿಯಮವಿಲ್ಲ. ನೇಪಾಳದಲ್ಲಿ ನಡೆದು 2015ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಯುಪಟೋರಿಯಂ ಎಂಬ ಕಾಡು ಕಳೆಯನ್ನೇ ಸುಟ್ಟು ಇದ್ದಿಲು ಮಾಡಿ, ದನದ ಗಂಜಲದಲ್ಲಿ ನೆನೆಸಿ, ಕುಂಬಳದ ಬೇರಿನ ಜಾಗಕ್ಕೆ ಮಾತ್ರ ಹಾಕಲಾಯಿತು. ಪ್ರಮಾಣ ಹೆಕ್ಟೇರಿಗೆ 750 ಕಿಲೋ, ಎಕರೆಗೆ 300 ಕಿಲೋ ಮಾತ್ರ. ಬರೀ ಗಂಜಲ ಕೊಟ್ಟ ತಾಕಿಗಿಂತ ಗಂಜಲದ ಇದ್ದಿಲು ಕೊಟ್ಟ ತಾಕಿನಲ್ಲಿ ಇಳುವರಿ ನಾಲ್ಕು ಪಟ್ಟು ಬಂತು; ಗಂಜಲವಿಲ್ಲದ ಬರೀ ಇದ್ದಿಲಿನ ತಾಕಿಗಿಂತ ಶೇಕಡ 85ರಷ್ಟು ಹೆಚ್ಚಾಯಿತು. ಒಂದು ಬೆಳೆಯ ಒಂದು ಪ್ರಯೋಗದಿಂದ ಎಲ್ಲೆಡೆಯೂ ನಾಲ್ಕು ಪಟ್ಟು ಬರುತ್ತದೆಂದು ಯಾರೂ ನಂಬಬಾರದು. ಕಲಿಯಬೇಕಾದದ್ದು ಮೂರು ತಾಕುಗಳ ನಡುವಿನ ಅಂತರದಿಂದ. ಗಂಜಲ ಒಂದೇ ಹೋದರೆ ಹರಿದುಹೋಯಿತು, ಇದ್ದಿಲು ಒಂದೇ ಹೋದರೆ ಖಾಲಿಯಾಗಿ ಹೋಯಿತು. ಎರಡೂ ಕೂಡಿದಾಗ ಕೆಲಸ ಮಾಡಿದವು.

ಈ ಪ್ರಕಾರ ಒಂದು ಎಕರೆಯ 200 ಕಿಲೋ ಇದ್ದಿಲನ್ನು ನಾಲ್ಕು ಗುಂಟೆ ತರಕಾರಿ ತಾಕಿಗೆ ಹಾಕಿದರೆ ಅದು ಎಕರೆಗೆ ಎರಡು ಟನ್ ಹಾಕಿದಂತೆ. ಮುಂದಿನ ವರ್ಷ ಪಕ್ಕದ ನಾಲ್ಕು ಗುಂಟೆ. ಇದ್ದಿಲು ಕರಗಿಹೋಗುವ ವಸ್ತುವಲ್ಲವಾದ್ದರಿಂದ ಹಿಂದಿನ ವರ್ಷದ್ದು ಅಲ್ಲಿಯೇ ಇರುತ್ತದೆ. ಹತ್ತು ವರ್ಷಕ್ಕೆ ಒಂದು ಎಕರೆ ಪೂರ್ತಿಯಾಗುತ್ತದೆ. ಕೊಳ್ಳುವ ಖರ್ಚಿಲ್ಲದೆ, ಹೊಲದ ಕಸದಿಂದಲೇ ಆಗುವ ಈ ಕೆಲಸ ನಿಧಾನದ್ದಾದರೂ ಕೈಗೆಟಕುವಂಥದು.

ಯಾವುದನ್ನು ಸುಡಬೇಕು, ಯಾವುದನ್ನು ಬಾರದು

ಜೋಳದ ಸೊಪ್ಪೆ, ರಾಗಿ ಹುಲ್ಲು, ಭತ್ತದ ಹುಲ್ಲು, ತೊಗರಿ ಹೊಟ್ಟು ದನಗಳ ಮೇವು. ಅವನ್ನು ಇದ್ದಿಲು ಮಾಡುವುದು ಮನೆಯ ಹಸುವಿನ ಬಾಯಿಂದ ಕಸಿದಂತೆ. ಅಡಿಕೆ ಸೋಗೆ, ತೆಂಗಿನ ಗರಿಗಳು ತೋಟದ ನೆಲಕ್ಕೆ ಹೊದಿಕೆಯಾಗಿ ಬಿದ್ದಿದ್ದರೇ ಹೆಚ್ಚು ಉಪಯೋಗ. ತೇವ ಕಾಯುತ್ತವೆ, ಎರೆಹುಳುವಿಗೆ ಆಹಾರವಾಗುತ್ತವೆ. ಕಾಫಿಯ ಹಸಿ ಸಿಪ್ಪೆ, ತರಕಾರಿ ಕಸ, ಹಸಿರೆಲೆ ಇವು ಕಾಂಪೋಸ್ಟಿಗೆ ಸರಿ. ಮರ ಕಡಿದು ಇದ್ದಿಲು ಮಾಡುವ ಪ್ರಶ್ನೆಯೇ ಏಳಬಾರದು.

ಸುಡಲು ತಕ್ಕವು ಬೇಗ ಕೊಳೆಯದ, ಮೇವಿಗೂ ಬಾರದ ಗಟ್ಟಿ ತ್ಯಾಜ್ಯಗಳು: ಹತ್ತಿ, ತೊಗರಿ, ಹರಳು ಗಿಡದ ಕಟ್ಟಿಗೆ, ಮುಸುಕಿನ ಜೋಳದ ದಿಂಡು, ತೆಂಗಿನ ಕರಟ, ಒಣಗಿದ ಅಡಿಕೆ ಸಿಪ್ಪೆ, ಹಿಪ್ಪುನೇರಳೆ ತೋಟದ ಸವರಿದ ಕಡ್ಡಿ, ಗೋಮಾಳದ ಬಳ್ಳಾರಿ ಜಾಲಿ, ಲಂಟಾನ. ಭತ್ತದ ಉಮಿಯೂ ಒಳ್ಳೆಯದೇ, ಆದರೆ ಅದನ್ನು ಸುಡುವ ಕ್ರಮ ಬೇರೆ. ಗುಂಡಿಗೆ ಹಾಕಿದರೆ ಉರಿಯದೆ ಹೊಗೆಯಾಡುತ್ತದೆ. ಅಕ್ಕಿ ಗಿರಣಿಯ ಬಾಯ್ಲರಿನಿಂದ ಬರುವ ಬೂದಿಯನ್ನು ಕೆಲವರು ಬಯೋಚಾರ್ ಎಂದೇ ಕೊಡುತ್ತಾರೆ. ಅದು ಕಪ್ಪಗಿದ್ದರೆ ಸ್ವಲ್ಪ ಇದ್ದಿಲು ಉಳಿದಿದೆ, ಬಿಳಿ ಬೂದು ಬಣ್ಣವಾಗಿದ್ದರೆ ಬರೀ ಬೂದಿ.

ಹತ್ತಿ ಕಟ್ಟಿಗೆಗೆ ಇನ್ನೊಂದು ಕಾರಣವೂ ಕೂಡಿಕೊಳ್ಳುತ್ತದೆ. ಗಿಡದಲ್ಲಿ ಉಳಿದ ಒಣ ಕಾಯಿಗಳಲ್ಲಿ ಗುಲಾಬಿ ಕಾಯಿಕೊರಕದ ಹುಳು ಅಡಗಿದ್ದು ಮುಂದಿನ ಹಂಗಾಮಿಗೆ ಹರಡುತ್ತದೆ. ಹೊಲದ ಬದುವಿನಲ್ಲಿ ಮಳೆಗಾಲದವರೆಗೆ ಹತ್ತಿ ಕಟ್ಟಿಗೆ ಒಟ್ಟಿಡುವುದು ಆ ಹುಳುವಿಗೆ ಮನೆ ಕಟ್ಟಿಕೊಟ್ಟಂತೆ. ಬಿಡಿಸುವಿಕೆ ಮುಗಿದ ಕೂಡಲೇ ಕಿತ್ತು, ಮೂರು ನಾಲ್ಕು ವಾರ ಒಣಗಿಸಿ, ಇದ್ದಿಲು ಮಾಡಿಬಿಟ್ಟರೆ ಎರಡು ಕೆಲಸವೂ ಆಗುತ್ತದೆ.

ಗುಂಡಿಯಲ್ಲಿ ಇದ್ದಿಲು ಮಾಡುವ ಕ್ರಮ

ಕುಲುಮೆ, ಯಂತ್ರ ಏನೂ ಇಲ್ಲದೆ ಮಾಡಬಹುದಾದದ್ದು ಗುಂಡಿಯ ಕ್ರಮ. ಮೇಲೆ ಐದು ಅಡಿ ಅಗಲ, ತಳದಲ್ಲಿ ಎರಡು ಅಡಿ, ಆಳ ಎರಡೂವರೆ ಅಡಿ ಇರುವಂತೆ ಬಾಣಲೆಯಾಕಾರದ ಗುಂಡಿ ತೋಡಬೇಕು. ಹುಲ್ಲಿನ ಬಣವೆ, ಗುಡಿಸಲು, ಮರಗಳಿಂದ ದೂರವಿರಬೇಕು. ಗಾಳಿ ಬೀಸದ ಬೆಳಗಿನ ಹೊತ್ತು ಒಳ್ಳೆಯದು. ಕಟ್ಟಿಗೆ ಚೆನ್ನಾಗಿ ಒಣಗಿ, ಮುರಿದರೆ ಟಕ್ಕೆಂದು ಸದ್ದು ಬರುವಂತಿರಬೇಕು. ಹಸಿ ಕಟ್ಟಿಗೆ ಹೊಗೆ ಕಾರುತ್ತದೆ, ಇದ್ದಿಲೂ ಸರಿಯಾಗುವುದಿಲ್ಲ.

ಗುಂಡಿಯ ನಡುವೆ ಒಣ ಕಡ್ಡಿಗಳನ್ನು ಒಟ್ಟಿ ಮೇಲ್ಗಡೆಯಿಂದ ಬೆಂಕಿ ಹಚ್ಚಬೇಕು. ಕೆಳಗಿನಿಂದ ಹಚ್ಚಿದರೆ ಹೊಗೆ ಹೆಚ್ಚು. ಕಡ್ಡಿಗಳು ಕೆಂಡವಾಗಿ ತಳಕ್ಕೆ ಕುಸಿದಾಗ ಅದರ ಮೇಲೆ ಒಂದು ತೆಳುವಾದ ಪದರ ಕಟ್ಟಿಗೆ ಹರಡಬೇಕು. ಈ ಪದರ ಹೊತ್ತಿ ಉರಿಯುವಾಗ ಮೇಲಿನ ಜ್ವಾಲೆಯೇ ಗಾಳಿಯನ್ನೆಲ್ಲ ಬಳಸಿಕೊಳ್ಳುತ್ತದೆ. ಕೆಳಗಿರುವ ಕೆಂಡಕ್ಕೆ ಗಾಳಿ ಸಿಗದೆ ಅದು ಇದ್ದಿಲಾಗಿಯೇ ಉಳಿಯುತ್ತದೆ. ಈ ಕ್ರಮದ ಗುಟ್ಟೆಲ್ಲ ಇಷ್ಟೇ. ಮೇಲಿನ ಪದರದ ಕೆಂಡದ ಮೇಲೆ ಬಿಳಿಯ ಬೂದಿ ತೆಳ್ಳಗೆ ಕಾಣತೊಡಗಿದ ಕೂಡಲೇ ಮುಂದಿನ ಪದರ ಹಾಕಬೇಕು. ತಡ ಮಾಡಿದರೆ ಇದ್ದಿಲು ಬೂದಿಯಾಗುತ್ತದೆ. ಅವಸರಪಟ್ಟು ಒಮ್ಮೆಗೇ ಹೆಚ್ಚು ಹೇರಿದರೆ ಜ್ವಾಲೆ ಸತ್ತು ದಟ್ಟ ಹೊಗೆ ಏಳುತ್ತದೆ. ಒಂದೆರಡು ಸಲ ಮಾಡಿದವರಿಗೆ ಹದ ತಾನಾಗಿ ತಿಳಿಯುತ್ತದೆ. ರೊಟ್ಟಿ ಬೇಯಿಸುವವರಿಗೆ ಹೆಂಚಿನ ಕಾವು ತಿಳಿದಂತೆ.

ಗುಂಡಿ ತುಂಬಲು ಮೂರು ನಾಲ್ಕು ಗಂಟೆ ಹಿಡಿಯುತ್ತದೆ. ಅಷ್ಟು ಹೊತ್ತು ಒಬ್ಬರು ಅಲ್ಲಿಯೇ ಇರಲೇಬೇಕು. ಒಂದು ಟನ್ ಕಟ್ಟಿಗೆಗೆ ಇಂಥ ಗುಂಡಿ ಎರಡು ಸಲ ತುಂಬಬೇಕಾದೀತು. ಕೊನೆಯ ಪದರ ಕೆಂಡವಾದ ಮೇಲೆ ಹತ್ತು ಹದಿನೈದು ಕೊಡ ನೀರು ಸುರಿದು ಪೂರ್ತಿ ನಂದಿಸಬೇಕು. ನೀರಿನ ಬದಲು ತೆಳುವಾಗಿ ಕದಡಿದ ಸಗಣಿ ಬಗ್ಗಡ ಸುರಿದರೆ ಇನ್ನೂ ಒಳ್ಳೆಯದು. ನೀರಿಗೆ ಅಭಾವವಿರುವ ಕಡೆ ಅರ್ಧ ಅಡಿ ದಪ್ಪ ಮಣ್ಣು ಮುಚ್ಚಿ, ಎಲ್ಲೂ ಹೊಗೆ ಬಾರದಂತೆ ಮೆತ್ತಿ, ಎರಡು ದಿನ ಬಿಡಬೇಕು. ಮೇಲೆ ತಣ್ಣಗಿದ್ದರೂ ಒಳಗೆ ಕೆಂಡ ಜೀವ ಹಿಡಿದಿರುತ್ತದೆ. ತೆಗೆದ ಇದ್ದಿಲನ್ನು ಬಯಲಿನಲ್ಲಿ ಹರಡಿ ಒಂದು ದಿನ ಬಿಡದೆ ಚೀಲಕ್ಕೆ ತುಂಬಬಾರದು, ಮನೆಯೊಳಗಂತೂ ಇಡಲೇಬಾರದು. ಉರಿಯುವ ಗುಂಡಿಗೆ ಬಗ್ಗಿ ನೋಡುವುದೂ ಸಲ್ಲದು. ಬಣ್ಣ ವಾಸನೆ ಇಲ್ಲದ ವಿಷಾನಿಲ ಅಲ್ಲಿರುತ್ತದೆ. ಪ್ಲಾಸ್ಟಿಕ್, ಹನಿ ನೀರಾವರಿಯ ಹಳೆಯ ಪೈಪು, ಬಣ್ಣ ಬಳಿದ ಮರ ಇವು ಗುಂಡಿಗೆ ಬೀಳದಂತೆ ನೋಡಿಕೊಳ್ಳಬೇಕು.

ಗುಂಡಿಯ ಬದಲು ಹಳೆಯ ಎಣ್ಣೆ ಡ್ರಮ್ಮನ್ನು ಬಳಸುವ ಕ್ರಮವೂ ಇದೆ. ಹೈದರಾಬಾದಿನ ಕೇಂದ್ರೀಯ ಒಣಬೇಸಾಯ ಸಂಶೋಧನಾ ಸಂಸ್ಥೆ ಇಂಥ ಒಲೆಯೊಂದನ್ನು ರೂಪಿಸಿ, ಹತ್ತಿ, ತೊಗರಿ, ಹರಳು, ಮುಸುಕಿನ ಜೋಳದ ಕಟ್ಟಿಗೆಗಳಿಂದ ಇದ್ದಿಲು ತಯಾರಿಸಿ ತೋರಿಸಿದೆ. ಡ್ರಮ್ಮಿನಲ್ಲಿ ಒಮ್ಮೆಗೆ ಹಿಡಿಯುವುದು ಸ್ವಲ್ಪ. ಆದರೆ ಹೊಲದಿಂದ ಹೊಲಕ್ಕೆ ಉರುಳಿಸಿಕೊಂಡು ಹೋಗಬಹುದು.

ಸರಿಯಾಗಿ ಆದ ಇದ್ದಿಲನ್ನು ಗುರುತಿಸುವುದು ಸುಲಭ. ಒಣಗಿದ ತುಂಡನ್ನು ಬೆರಳುಗಳ ನಡುವೆ ತಿಕ್ಕಿದರೆ ಪುಡಿಯಾಗಬೇಕು. ಕೈಗೆ ಹತ್ತಿದ ಮಸಿ ಬರೀ ನೀರಿಗೆ ಹೋಗಬೇಕು. ಜಿಡ್ಡಾಗಿ ಅಂಟಿ ಸಾಬೂನು ಕೇಳಿದರೆ ಅಥವಾ ಹೊಗೆಯ ಕಟು ವಾಸನೆ ಬಂದರೆ ಬೆಂದಿದ್ದು ಸಾಲದೆಂದು ಅರ್ಥ. ಅದನ್ನು ಮುಂದಿನ ಗುಂಡಿಗೆ ಹಾಕಿ ಮತ್ತೆ ಸುಡಬೇಕು.

ಹದಗೊಳಿಸುವುದು ಮತ್ತು ಹಾಕುವುದು

ಇದ್ದಿಲನ್ನು ತೇವವಿರುವಾಗಲೇ ಗೋಣಿಚೀಲದಲ್ಲಿ ಹಾಕಿ ಕೊಡತಿಯಿಂದ ಬಡಿದು, ಜೋಳದ ಕಾಳಿನಿಂದ ಕಡಲೆ ಗಾತ್ರದವರೆಗೆ ಪುಡಿ ಮಾಡಬೇಕು. ಒಣಗಿದ ಮೇಲೆ ಬಡಿದರೆ ಧೂಳು ಎದೆಗೆ ಹೋಗುತ್ತದೆ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳದೆ ಈ ಕೆಲಸ ಬೇಡ.

ದನ ಕಟ್ಟುವ ಮನೆಯಲ್ಲಿ ಎಲ್ಲಕ್ಕಿಂತ ಸುಲಭವಾದ ದಾರಿಯೆಂದರೆ ಈ ಪುಡಿಯನ್ನು ಕೊಟ್ಟಿಗೆಯ ಗಂಜಲದ ಕಾಲುವೆಗೆ ಮತ್ತು ದನ ಮಲಗುವ ನೆಲಕ್ಕೆ ಹರಡುವುದು. ಹಸುವಿನ ದೇಹದಿಂದ ಹೊರಬೀಳುವ ಸಾರಜನಕದ ದೊಡ್ಡ ಪಾಲು ಗಂಜಲದಲ್ಲಿದೆ. ಹೆಚ್ಚಿನ ಕೊಟ್ಟಿಗೆಗಳಲ್ಲಿ ಸಗಣಿಯನ್ನು ಬಾಚಿ ಜೋಪಾನ ಮಾಡುತ್ತಾರೆ, ಗಂಜಲವನ್ನು ಮಣ್ಣು ಕುಡಿಯಲು ಬಿಡುತ್ತಾರೆ. ಕೊಟ್ಟಿಗೆಯಲ್ಲಿ ಮೂಗಿಗೆ ಬಡಿಯುವ ಆ ಘಾಟೇ ಅಮೋನಿಯಾ, ಹಾರಿಹೋಗುತ್ತಿರುವ ಸಾರಜನಕ. ಇದ್ದಿಲ ಪುಡಿ ಇದನ್ನು ಹೀರಿಕೊಳ್ಳುತ್ತದೆ. ವಾರಕ್ಕೊಮ್ಮೆ ಬಾಚಿ ತಿಪ್ಪೆಗೆ ಹಾಕಿ ಹೊಸ ಪುಡಿ ಹರಡಿದರೆ ಬೇರೆ ಹದಗೊಳಿಸುವ ಕೆಲಸವೇ ಉಳಿಯುವುದಿಲ್ಲ.

ದನ ಕಡಿಮೆ ಇರುವವರು ಒಂದು ಬುಟ್ಟಿ ಇದ್ದಿಲ ಪುಡಿಗೆ ಎರಡು ಬುಟ್ಟಿ ಸಗಣಿ ಗೊಬ್ಬರ ಬೆರೆ­ಸಿ, ಸಿಕ್ಕಷ್ಟು ಗಂಜಲ ಚಿಮುಕಿಸಿ, ನೆರಳಿನಲ್ಲಿ ರಾಶಿ ಮಾಡಿ, ವಾರಕ್ಕೊಮ್ಮೆ ತಿರುವುತ್ತ ಮೂರು ನಾಲ್ಕು ವಾರ ತೇವದಲ್ಲಿಡಬೇಕು. ಹೊಸದಾಗಿ ಕಾಂಪೋಸ್ಟ್ ಗುಂಡಿ ತುಂಬುವಾಗ ಹತ್ತು ಬುಟ್ಟಿ ಕಸಕ್ಕೆ ಒಂದು ಬುಟ್ಟಿ ಇದ್ದಿಲು ಸೇರಿಸುವುದೂ ಒಳ್ಳೆಯ ಕ್ರಮ.

ತರಕಾರಿ ಬೆಳೆಗಳಲ್ಲಿ ನಾಟಿಯ ಗುಣಿಗೆ ಹಾಕುವುದು ಲೇಸು. ಟೊಮೆಟೊವನ್ನು 90 ಸೆಂಟಿಮೀಟರ್ ಸಾಲು, 60 ಸೆಂಟಿಮೀಟರ್ ಗಿಡದ ಅಂತರದಲ್ಲಿ ನೆಟ್ಟರೆ ನಾಲ್ಕು ಗುಂಟೆಗೆ ಸುಮಾರು 750 ಗಿಡ ಬರುತ್ತವೆ. ಮೇಲೆ ಹೇಳಿದ 200 ಕಿಲೋ ಇದ್ದಿಲು ಗಿಡವೊಂದಕ್ಕೆ ಕಾಲು ಕಿಲೋದಂತೆ ಒದಗುತ್ತದೆ. ಗೊಬ್ಬರದೊಂದಿಗೆ ಹದಗೊಂಡ ಈ ಮಿಶ್ರಣವನ್ನು ಗುಣಿಯ ಮಣ್ಣಿನೊಂದಿಗೆ ಚೆನ್ನಾಗಿ ಬೆರೆಸಿ, ನೀರು ಕೊಟ್ಟು, ಮಾರನೆಯ ದಿನ ಸಸಿ ನಾಟಿ ಮಾಡಬೇಕು. ಅಡಿಕೆ ಮರಕ್ಕೆ ವರ್ಷಕ್ಕೆ ಕೊಡುವ 12 ಕಿಲೋ ಕಾಂಪೋಸ್ಟಿನಲ್ಲಿಯೇ ಇದ್ದಿಲನ್ನು ಸೇರಿಸಿ ಬುಡದ ಸುತ್ತ ಹಾಕಿ ಮಣ್ಣು ಮುಚ್ಚಬಹುದು. ಇದ್ದಿಲು ಹಗುರ, ನೀರಿನ ಮೇಲೆ ತೇಲುವಂಥದು. ಮೇಲೆಯೇ ಬಿಟ್ಟರೆ ಮಳೆಗೆ ಕೊಚ್ಚಿಹೋಗುತ್ತದೆ.

ಶಿಫಾರಸು ಮಾಡಿದ ಗೊಬ್ಬರವನ್ನು ಮೊದಲ ವರ್ಷ ಸ್ವಲ್ಪವೂ ಕಡಿಮೆ ಮಾಡಬಾರದು. ಬಿತ್ತನೆಯಾದ ಕೂಡಲೇ ಮಣ್ಣಿಗೆ ಸಿಂಪಡಿಸುವ ಕಳೆನಾಶಕ ಬಳಸುವವರು ಒಂದು ಸಂಗತಿ ನೆನಪಿಡಬೇಕು. ಇದ್ದಿಲು ಗಂಜಲವನ್ನು ಹೀರುವಂತೆಯೇ ಕಳೆನಾಶಕವನ್ನೂ ಹೀರಿಕೊಂಡು ಅದರ ಶಕ್ತಿ ಕುಂದಿಸುತ್ತದೆ. ಅಂಥ ತಾಕಿನಲ್ಲಿ ಕುಂಟೆ ಮತ್ತು ಕೈಗಳೆಯನ್ನೇ ನಂಬಿಕೊಳ್ಳುವುದು ಕ್ಷೇಮ.

ಇತ್ತೀಚಿನ ವರ್ಷಗಳಲ್ಲಿ ಇಂಗಾಲವನ್ನು ಮಣ್ಣಿನಲ್ಲಿ ಹುಗಿದಿಟ್ಟಿದ್ದಕ್ಕೆ ಹಣ ಕೊಡುತ್ತೇವೆನ್ನುವ ಕಂಪನಿಗಳೂ ಹಳ್ಳಿಗಳಿಗೆ ಬರುತ್ತಿವೆ. ಕರಾರಿನಲ್ಲಿ ಎಷ್ಟು ವರ್ಷಕ್ಕೆ ಕಟ್ಟುಬೀಳಬೇಕು, ಕಟ್ಟಿಗೆಯ ಮೇಲಿನ ಹಕ್ಕು ಯಾರದು, ಇದ್ದಿಲು ಯಾರ ಹೊಲಕ್ಕೆ ಸೇರುತ್ತದೆ ಎಂಬುದನ್ನು ಓದಿಸಿಕೊಂಡು ತಿಳಿಯದೆ ರುಜು ಹಾಕಬಾರದು.

ಮೊದಲ ಸಲ ಮಾಡುವ ರೈತರು ಇಡೀ ತಾಕಿಗೆ ಇದ್ದಿಲು ಹಾಕದೆ, ನಡುವೆ ಎರಡು ಸಾಲುಗಳನ್ನು ಹಾಗೆಯೇ ಬಿಡಬೇಕು. ಆ ಸಾಲುಗಳಿಗೂ ಅಷ್ಟೇ ಸಗಣಿ ಗೊಬ್ಬರ, ಅಷ್ಟೇ ಗಂಜಲ, ಅಷ್ಟೇ ನೀರು ಕೊಡಬೇಕು. ಸಾಲಿನ ತುದಿಗೆ ಗೂಟ ಹೊಡೆದು ಗುರುತಿಟ್ಟು, ಎರಡೂ ಕಡೆಯ ಇಳುವರಿಯನ್ನು ಬಿಡಿಸಿದಾಗಲೆಲ್ಲ ಬೇರೆ ಬೇರೆ ತೂಗಿ ಪುಸ್ತಕದಲ್ಲಿ ಬರೆದಿಡಬೇಕು. ಇದ್ದಿಲು ಮಣ್ಣಿನಲ್ಲಿ ಮಾಗಲು ಸಮಯ ಹಿಡಿಯುವುದರಿಂದ ಗೂಟಗಳನ್ನು ಮೊದಲ ಬೆಳೆಗೇ ಕಿತ್ತುಹಾಕದೆ ಎರಡು ಮೂರು ಬೆಳೆಗಳವರೆಗೆ ಉಳಿಸಿಕೊಳ್ಳಬೇಕು.